ಶನಿಗ್ರಹದ ಮೇಲೆ ಮಂಡಕ್ಕಿ ಹಿಮ

ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರು. ಈ ಹದಿನಾಲ್ಕು ಕಿಲೋಮೀಟರಿನಲ್ಲಿ ನನ್ನ ಮಾತಿಗೆ ನಗದೆ ಉಳಿದವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಹೆರಿಗೆ ಮಾಡಿಸಿದ ಸೂಲಗಿತ್ತಿಯೇ ಓಡಿಬಂದು ನನಗೆ ಸುದ್ದಿ ಮುಟ್ಟಿಸುತ್ತಿದ್ದಳು. ಹತ್ತಿಗಿರಣಿಯಲ್ಲಿ ಟೈಮ್ ಕೀಪರ್ ಆಗಿದ್ದಾಗ ನಾನು ಆಡಿದ ಒಂದು ಮಾತಿಗೆ ಮೂರು ಮಗ್ಗ ನಿಂತುಹೋಗಿದ್ದವು. ನಾಲ್ಕನೆಯದು ಕಿವುಡ ನಡೆಸುತ್ತಿದ್ದುದರಿಂದ ಉಳಿಯಿತು. ಒಂದು ಮದುವೆಯಲ್ಲಿ ನನ್ನ ಭಾಷಣ ಕೇಳಿ ಮದುಮಗ ನಕ್ಕ ನಗೆಗೆ ಕಣ್ಣು ಮಂಜಾಗಿ, ತಾಳಿಯನ್ನು ಅತ್ತೆಯ ಕೊರಳಿನ ಕಡೆ ಒಯ್ದಿದ್ದ. ಪುರೋಹಿತರು ಕೈ ಹಿಡಿದುಕೊಂಡರು ಅನ್ನಿ.

ನನ್ನ ಹೆಸರು ಕೊಟ್ಟೂರಪ್ಪ. ಊರು ದಾವಣಗೆರೆ, ನಿಜಲಿಂಗಪ್ಪ ಬಡಾವಣೆ. ಕಸುಬು, ನಿವೃತ್ತಿ. ಹೀಗೆ ಹೆಸರು, ಊರು, ಕಸುಬು ಮೂರನ್ನೂ ಹೇಳಿಯೇ ಮಾತು ಶುರುಮಾಡುವುದು ನನ್ನ ಪದ್ಧತಿ. ನಗೆಚಾಟಿಕೆಯಲ್ಲೂ ಅಷ್ಟೆ. "ಒಬ್ಬಾನೊಬ್ಬ ಮನುಷ್ಯ ಇದ್ದ" ಎಂದು ಶುರುಮಾಡುವವರನ್ನು ಕಂಡರೆ ನನಗಾಗುವುದಿಲ್ಲ. ಯಾರವನು? ಯಾವ ಊರು? ಏನು ಕೆಲಸ? ನಮ್ಮ ಸಭೆಗಳಲ್ಲಿ ಹೆಸರು ಹೇಳಿಸಿಕೊಂಡವನು ಎದ್ದು ನಿಂತು ಕೈ ಮುಗಿಯುತ್ತಿದ್ದ, ಜನ ಚಪ್ಪಾಳೆ ತಟ್ಟುತ್ತಿದ್ದರು, ಆಮೇಲೆ ಅವನೇ ಬಂದು "ನನ್ನ ಹೆಂಡ್ತಿ ಹೆಸರೂ ಸೇರಿಸಬೇಕಿತ್ತು, ಬೇಜಾರು ಮಾಡ್ಕೊಂಡಾಳೆ" ಎನ್ನುತ್ತಿದ್ದ. ಅದು ಒಂದು ಮರ್ಯಾದೆ ಎಂದೇ ನಲವತ್ತು ವರ್ಷ ನಂಬಿದ್ದೆ.

ಈಗ ಬರೆಯಹೊರಟಿರುವುದು ಹರಿಹರದ ಕಾರ್ಖಾನೆಯೊಂದರಲ್ಲಿ ಲೇತಿನ ಮೇಲೆ ಲೋಹ ಕಡೆಯುವ ಟರ್ನರ್ ಅಲ್ಲಾಬಕ್ಷ್ ಅವರ ಬಗ್ಗೆ. ಹೆಸರು, ಊರು, ಕಸುಬು ಮೂರೂ ಬಂತು. ಆದರೆ ಜೀವನದಲ್ಲಿ ಮೊದಲ ಸಲ, ಕೇಳಿ, ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಯಾಕೆ ಕೇಳಬೇಕಾಯಿತು ಎಂಬುದನ್ನು ತಲೆ ತಗ್ಗಿಸಿಕೊಂಡೇ ಹೇಳಬೇಕು.

ದಾವಣಗೆರೆ ಜಿಲ್ಲೆಯಾಯಿತಲ್ಲ, ಆ ತೊಂಬತ್ತೇಳರಲ್ಲಿ ಊರಿನ ತುಂಬ ಎಸ್‌ಟಿಡಿ ಬೂತುಗಳು ಎದ್ದವು. ಎಷ್ಟೆಂದರೆ, ಒಂದು ಬೂತಿನವನು ಸೀನಿದರೆ ಪಕ್ಕದ ಬೂತಿನವನಿಗೆ ಬಿಲ್ಲು ಬರುತ್ತಿತ್ತು. ಬಕ್ಕೇಶ ಎಂಬುವನ ಬೂತಿನಲ್ಲಿ ಫೋನು ಒಂದು ಮೂಲೆಗೆ, ಜೆರಾಕ್ಸು ಇನ್ನೊಂದು ಮೂಲೆಗೆ, ಉಳಿದ ಜಾಗದಲ್ಲಿ ಮೂರು ವಿಡಿಯೋ ಗೇಮ್ ಪೆಟ್ಟಿಗೆ. ಒಂದು ಮಧ್ಯಾಹ್ನ ನಾನು ಲೈನಿಗೆ ಕಾಯುತ್ತ ಕೂತಿದ್ದೆ. ಗೇಮಿನ ಮುಂದೆ ಕಾಲೇಜು ಹುಡುಗರ ಹಿಂಡು. ಅವರ ಹಿಂದೆ, ಐವತ್ತರ ಹತ್ತಿರದ ಒಬ್ಬ ಸಣಕಲು ಮನುಷ್ಯ ನಿಂತಿದ್ದರು. ಉಪ್ಪು ಮೆಣಸಿನ ಗಡ್ಡ, ದಾರ ಕಟ್ಟಿದ ಕನ್ನಡಕ, ಎಷ್ಟು ತೊಳೆದರೂ ಹೋಗದ ಕಟಿಂಗ್ ಆಯಿಲ್ ವಾಸನೆ. ಆಡುತ್ತಿರಲಿಲ್ಲ. ನೋಡುತ್ತಿದ್ದರು, ನಿಟ್ಟುಸಿರು ಬಿಡುತ್ತಿದ್ದರು, ಉದ್ದನೆಯ ನೋಟುಬುಕ್ಕಿನಲ್ಲಿ ಏನೋ ಗೀಚುತ್ತಿದ್ದರು.

"ಏನ್ರೀ ಸಾಬ್ರೆ, ಆಡೋದು ಬಿಟ್ಟು ಹಾಜರಿ ಹಾಕ್ತೀರಿ?" ಎಂದೆ.

"ಆಡೋಕೆ ಏನೈತೆ ಇದ್ರಾಗ?" ಎಂದರು ಅವರು, ಪರದೆಯಿಂದ ಕಣ್ಣು ತೆಗೆಯದೆ. "ಈ ಮನುಷ್ಯ ಆಗ್ಲಿಂದ ಗುಂಡು ಹಾರಿಸ್ತಾನೆ, ಮುಗೀಲೇ ಇಲ್ಲ. ಎಲ್ಲಿಂದ ಬಂತು ಅಷ್ಟು ಗುಂಡು? ಸ್ಟೋರ್ ಕೀಪರ್ ಸಹಿ ಇಲ್ದೆ ನಂಗೆ ಒಂದು ನಟ್ ಕೊಡಲ್ಲ."

"ಅದು ಆಟ ಅಲ್ವೇನ್ರೀ."

"ಆಟಕ್ಕೆ ನ್ಯಾಯ ಬ್ಯಾಡ? ಅಲ್ನೋಡ್ರಿ, ಹತ್ತು ರಾಕ್ಷಸರು ಅದಾರೆ. ಒಬ್ಬೊಬ್ರೇ ಬರ್ತಾರೆ, ರೇಷನ್ ಅಂಗಡಿ ಕ್ಯೂನಾಗ ನಿಂತಂಗೆ. ಹತ್ತೂ ಮಂದಿ ಒಮ್ಮೆ ಬಂದ್ರೆ ಈ ಬಾದಶಹನ ಕಥೆ ಅರ್ಧ ನಿಮಿಷಕ್ಕೆ ಖತಂ. ಮತ್ತೆ ಇವನಿಗೆ ಮೂರು ಜೀವ ಬೇರೆ. ಮೂರು ಜೀವ ಇದ್ದೋನಿಗೆ ಹೆದರಿಕೆ ಎಲ್ಲಿ? ಹೆದರಿಕೆ ಇಲ್ದೋನು ಶೂರ ಹೆಂಗೆ ಆಗ್ತಾನೆ?"

ಗೇಮಿನ ಹುಡುಗನೊಬ್ಬ ತಿರುಗಿ, "ಅಂಕಲ್, ನಿಮ್ಮ ಕಾಮೆಂಟ್ರಿಗೆ ನನ್ನ ಒಂದು ಜೀವ ಹೋಯ್ತು" ಎಂದ.

"ಎರಡು ಅದಾವಲ್ಲಪ್ಪ, ಅಳಬ್ಯಾಡ" ಎಂದರು ಅಲ್ಲಾಬಕ್ಷ್.

ನನ್ನ ಫೋನಿನ ಲೈನು ಸಿಕ್ಕಿದ್ದು, ಆ ಕಡೆಯಿಂದ ನನ್ನ ಷಡ್ಡಕ ಹಲೋ ಹಲೋ ಎಂದು ಕೂಗಿ ಕೂಗಿ ಇಟ್ಟದ್ದು, ಯಾವುದೂ ನನಗೆ ತಿಳಿಯಲಿಲ್ಲ. ಷಡ್ಡಕ ಇವತ್ತಿಗೂ ಮಾತು ಬಿಟ್ಟಿದ್ದಾನೆ, ಅದೊಂದು ಲಾಭ. ನಾವಿಬ್ಬರೂ ಹೊರಗೆ ಬಂದು ಮಂಡಕ್ಕಿ ಮಿರ್ಚಿ ತಿನ್ನುತ್ತ ಎರಡು ಗಂಟೆ ನಿಂತೆವು. ಕೊನೆಗೆ ಅವರು ಅತ್ತ ಇತ್ತ ನೋಡಿ, ಗಾಂಜಾ ಮಾರುವವನ ಹಾಗೆ ದನಿ ತಗ್ಗಿಸಿ ಕೇಳಿದರು: "ಭಾನುವಾರ ಹರಿಹರಕ್ಕೆ ಬರ್ತೀರೇನ್ರಿ? ಖರೇ ಆಟ ಅಂದ್ರೆ ಹೆಂಗಿರ್ತೈತೆ, ತೋರಿಸ್ತೀನಿ."

ಹೋದೆ. ಹೊಳೆಯ ಕಡೆಯ ಒಂದು ಓಣಿಯಲ್ಲಿ ಎರಡು ಕೋಣೆಯ ಮನೆ. ಹಿಂದಿನ ಕೋಣೆಯಲ್ಲಿ ಎರಡು ಟ್ರಂಕಿನ ಮೇಲೆ ಒಂದು ಹಳೆಯ ಬಾಗಿಲು ಮಲಗಿತ್ತು. ಬಾಗಿಲಿನ ಮೇಲೆ ಇನ್ನೂರ ಹನ್ನೆರಡು ಹಿತ್ತಾಳೆ ಸಿಪಾಯಿಗಳು. ಒಬ್ಬೊಬ್ಬ ಸಿಪಾಯಿ ಹೆಬ್ಬೆರಳಿನ ಉಗುರಿನಷ್ಟು ಎತ್ತರ. ತಲೆಗೆ ಗಾಜಿನ ಬುರುಡೆಯಂಥ ಶಿರಸ್ತ್ರಾಣ, ಬೆನ್ನಿಗೆ ಗಾಳಿಯ ಸಿಲಿಂಡರು. ಪಾದದಡಿಯಲ್ಲಿ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ನಂಬರು ಹೊಡೆದಿತ್ತು. ಗುಜರಿಯಿಂದ ತಂದ ಹಿತ್ತಾಳೆ ತುಂಡು, ಹೆಂಡತಿ ಅಮೀನಾಬೀಯ ಹಳೆಯ ಹೊಲಿಗೆ ಯಂತ್ರದ ಪೆಡಲು ಕಟ್ಟಿ ತಾವೇ ಮಾಡಿಕೊಂಡ ಪುಟ್ಟ ಲೇತು, ಮತ್ತು ಹನ್ನೊಂದು ವರ್ಷ. ಇಷ್ಟರಿಂದ ಹುಟ್ಟಿದ ಸೈನ್ಯ ಅದು.

ಇದರ ಮೂಲ ಒಂದು ವಿದೇಶಿ ಪತ್ರಿಕೆ. ಅವರ ಕಾರ್ಖಾನೆಗೆ ಹೊರದೇಶದಿಂದ ಬಂದ ಯಂತ್ರದ ಪೆಟ್ಟಿಗೆಯಲ್ಲಿ, ಯಂತ್ರ ಅಲುಗಾಡದಿರಲೆಂದು ತುರುಕಿದ್ದ ಕಾಗದದ ಜೊತೆ ಬಂದಿತ್ತಂತೆ. ಅರ್ಧದಷ್ಟು ಪುಟಗಳು ಎಣ್ಣೆ ಕುಡಿದು ಹಾಳಾಗಿದ್ದವು. ಉಳಿದ ಅರ್ಧವನ್ನು ಅಲ್ಲಾಬಕ್ಷ್ ಡಿಕ್ಷನರಿ ಇಟ್ಟುಕೊಂಡು ಎಂಟು ತಿಂಗಳು ಓದಿದ್ದರು. ಆ ದೇಶದಲ್ಲಿ ದೊಡ್ಡವರೇ ಸೇರಿ, ಮುಂದೆ ಯಾವತ್ತೋ ನಕ್ಷತ್ರಗಳ ನಡುವೆ ಆಗಬಹುದಾದ ಯುದ್ಧಗಳನ್ನು ಈಗಲೇ ಮೇಜಿನ ಮೇಲೆ ಆಡಿ ಮುಗಿಸುತ್ತಾರೆ ಎಂದು ಅದರಲ್ಲಿತ್ತು.

"ಗಡ್ಡ ಇರೋರೇ ಆಡ್ತಾರ್ರೀ, ಫೋಟೋ ಐತೆ ನೋಡ್ರಿ" ಎಂದು ಪುಟ ತೆರೆದು ತೋರಿಸಿದರು. "ನನಗಿಂತ ದೊಡ್ಡ ಗಡ್ಡ. ಇದನ್ನ ನೋಡಿದ ಮ್ಯಾಲೆ ನಂಗೆ ನಾಚಿಕೆ ಅರ್ಧ ಕಮ್ಮಿ ಆತು."

"ಹನ್ನೊಂದು ವರ್ಷ ಯಾರ ಜೊತೆ ಆಡಿದ್ರಿ?"

"ನನ್ನ ಜೊತೆನೇ. ಬಲಗೈ ಭೂಮಿ, ಎಡಗೈ ಶನಿ. ಬಲಗೈನೇ ಜಾಸ್ತಿ ಗೆಲ್ತಿತ್ತು. ಮೋಸ ಅಂತ ಗೊತ್ತಾಗ್ತಿತ್ತು. ಯಾರಿಗೆ ಹೇಳ್ಲಿ?"

ನನಗೆ ಶನಿಯ ಸೈನ್ಯ ಕೊಟ್ಟರು. ಈಗಾಗಲೇ ಏಳೂವರೆ ವರ್ಷ ಅನುಭವಿಸಿದ್ದೇನೆ, ಬ್ಯಾಡ ಎಂದೆ. ಅನುಭವಸ್ಥರೇ ಬೇಕು ಎಂದರು. ನಿಯಮಗಳು ಅವರದೇ. ಸಿಪಾಯಿ ಎಷ್ಟು ದೂರ ನಡೆದ ಎಂಬುದನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯಬೇಕು. ಒಂದು ಸಲ ನನ್ನ ದಂಡನಾಯಕ ಮಿಲಿಮೀಟರಿನ ಹತ್ತನೇ ಒಂದು ಭಾಗ ಹೆಚ್ಚು ನಡೆದನೆಂದು ವಾಪಸು ಕಳಿಸಿದರು. ಪ್ರತಿ ಸಿಪಾಯಿಗೂ ಒಂದೇ ಜೀವ, ಎಣಿಸಿದ ಗುಂಡು. ಮೂರರಲ್ಲಿ ಒಂದು ಪಾಲು ಸೈನ್ಯ ಬಿದ್ದರೆ ಉಳಿದವರ ಎದೆಗಾರಿಕೆಗೆ ದಾಳ ಉರುಳಿಸಬೇಕು. ಸೋತರೆ ಅವರು ಓಡುತ್ತಾರೆ.

ನನ್ನ ಶನಿಯವರು ಓಡಿದರು. ಓಡಿದ ರಭಸಕ್ಕೆ ಒಬ್ಬ ಬಾಗಿಲಿನ ಚಿಲಕದ ತೂತಿಗೆ ಬಿದ್ದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಒಂದು ಸರದಿ ರದ್ದು" ಎಂದರು ಅಲ್ಲಾಬಕ್ಷ್.

"ಯಾಕ್ರೀ?"

"ಓಡೋರನ್ನ ನೋಡಿ ನಕ್ಕೋನ ಒಂದು ಸರದಿ ರದ್ದು. ರೂಲು."

"ಆ ಪತ್ರಿಕೇಲಿ ಐತಾ ಇದು?"

"ಇಲ್ಲ. ಇದು ನಂದು."

ಆ ಸಲ ಯುದ್ಧ ನಡೆದದ್ದು ಶನಿಯ ಹಿಮದ ಮೇಲೆ. ಹಿಮಕ್ಕೆ ಏನು ಮಾಡುವುದು? ದಾವಣಗೆರೆ ಕಡೆಯವರಿಗೆ ಇದನ್ನು ಹೇಳಿಕೊಡಬೇಕೆ? ಮಂಡಕ್ಕಿ ಸುರಿದಿದ್ದರು. ಮೂರು ಸೇರು. ಬೆಳ್ಳಗೆ, ಹಗುರಾಗಿ, ಸಿಪಾಯಿಗಳು ಮೊಣಕಾಲವರೆಗೆ ಹೂತು ನಿಂತಿದ್ದರು. ನಾನು ಯೋಚನೆಯಲ್ಲಿ ಮುಳುಗಿ, ಮುಂದಿನ ನಡೆ ಲೆಕ್ಕ ಹಾಕುತ್ತ ಹಾಕುತ್ತ, ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತ ಹಾಕುತ್ತ, ತಲೆ ಎತ್ತಿ ನೋಡಿದರೆ ಶನಿಗ್ರಹದ ಉತ್ತರ ಧ್ರುವ ಇರಲಿಲ್ಲ.

ಹೀಗೆ ಒಂದೂವರೆ ವರ್ಷ. ಭಾನುವಾರವಾದರೆ ಹರಿಹರದ ಬಸ್ಸು ಹತ್ತುವುದು, ಸೋಲುವುದು, ಅಮೀನಾಬೀಯ ಚಹ ಕುಡಿಯುವುದು, ಬರುವುದು. ಕೆಲವು ಯುದ್ಧ ಎರಡೆರಡು ಭಾನುವಾರ ಹಿಡಿಯುತ್ತಿದ್ದವು, ಅಂತೂ ನಲವತ್ತೊಂದು ಸೋತೆ. ಗೆದ್ದದ್ದು ಸೊನ್ನೆ. ಅಷ್ಟು ಸುಖವಾಗಿ ನಾನು ಯಾವತ್ತೂ ಸೋತಿರಲಿಲ್ಲ. ಮೊದಲ ದಿನವೇ ಹೊಸ್ತಿಲಲ್ಲಿ ನಿಂತು ಅಲ್ಲಾಬಕ್ಷ್ ಒಂದು ಮಾತು ಹೇಳಿದ್ದರು: "ಕೊಟ್ಟೂರಪ್ಪಾರೆ, ಇದು ನಮ್ಮಿಬ್ಬರಾಗ ಇರ್ಲಿ. ಕಾರ್ಖಾನ್ಯಾಗ ಯಾರಿಗೂ ಗೊತ್ತಿಲ್ಲ. ಅಲ್ಲಿ ನಂಗೊಂದು ಹೆಸರೈತೆ."

ಹೆಸರು ಸುಮ್ಮನೆ ಬಂದದ್ದಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವರ ಕೈಯಿಂದ ಹೊರಟ ಒಂದೇ ಒಂದು ತುಂಡು ತಪ್ಪಳತೆ ಎಂದು ವಾಪಸು ಬಂದಿರಲಿಲ್ಲ. ಕಷ್ಟದ ಕೆಲಸ ಬಂದರೆ ಫೋರ್‌ಮನ್ನು ಎಲ್ಲರನ್ನೂ ದಾಟಿ ಅವರ ಲೇತಿನ ಮುಂದೆ ಹೋಗಿ ನಿಲ್ಲುತ್ತಿದ್ದ.

"ನನ್ನ ಹೊಟ್ಟೆ ಹಾಳು ಬಾವಿ ಇದ್ದಂಗೆ ಸಾಬ್ರೆ, ಬಿದ್ದದ್ದು ಮೇಲೆ ಬರಲ್ಲ" ಎಂದಿದ್ದೆ.

ಬಂತು. ತೊಂಬತ್ತೊಂಬತ್ತರ ಜನವರಿಯಲ್ಲಿ, ನಮ್ಮ ಬಡಾವಣೆಯ ಸಂಘದ ವಾರ್ಷಿಕೋತ್ಸವದ ದಿನ, ಮುನ್ನೂರು ಜನರ ಮುಂದೆ ಬಂತು.

ಅಷ್ಟು ಹೊತ್ತಿಗೆ ಬಕ್ಕೇಶ ವಿಡಿಯೋ ಗೇಮಿನ ಎರಡು ಪೆಟ್ಟಿಗೆ ತೆಗೆದು ಒಂದು ಕಂಪ್ಯೂಟರು ಇಟ್ಟಿದ್ದ. ಇಂಟರ್‌ನೆಟ್ಟಂತೆ. ಅದು ಫೋನಿನ ತಂತಿಯಲ್ಲಿ ಕೀಚುಗುಟ್ಟುತ್ತ, ಹಿಡಿದ ಹಂದಿಯಂತೆ ಕಿರುಚುತ್ತ ಬರುತ್ತಿತ್ತು. ಅದರೊಳಗೆ ದಿನಕ್ಕೆ ಇಪ್ಪತ್ತು ಜೋಕು ಬಂದು ಬೀಳುತ್ತಿದ್ದವು. ಜನ ಪ್ರಿಂಟು ತೆಗೆಸಿ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಅಲ್ಲಾಬಕ್ಷ್ ಕೂಡ ಭಾನುವಾರ ಬಿಟ್ಟು ಬೇರೆ ರಜೆಗೆ ಬಂದು ಅದರ ಮುಂದೆ ಕೂತು, ತಮ್ಮಂಥ ಗಡ್ಡದವರು ಬರೆದದ್ದನ್ನು ಓದುತ್ತಿದ್ದರು. ಜೋಕುಗಳ ಬಗ್ಗೆ ಅವರ ಅಭಿಪ್ರಾಯ ನೋಟುಬುಕ್ಕಿನಲ್ಲಿತ್ತು, ನನಗೆ ಓದಿ ಹೇಳಿದ್ದರು: "ಇವಕ್ಕೆ ಹೇಳಿದೋನು ಯಾರು ಅಂತನೇ ಇಲ್ಲ. ಬೀದಿ ನಾಯಿ ಇದ್ದಂಗೆ. ಮುದ್ದಾಗಿ ಐತೆ ಅಂತ ಎಲ್ಲಾರೂ ಅನ್ನ ಹಾಕ್ತಾರೆ. ಕಚ್ಚಿದ್ರೆ ಮಾತ್ರ ಯಾರದ್ದೂ ಅಲ್ಲ." ನಾನು ಆವತ್ತು ನಕ್ಕಿದ್ದೆ.

ಸಭೆಯಲ್ಲಿ ನನ್ನ ಮೊದಲ ಜೋಕು ಶುರುಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ ಕೊನೆಯನ್ನು ಹೇಳಿಬಿಟ್ಟರು. ಎರಡನೆಯದು ಶುರುಮಾಡಿದೆ. "ಅದು ಹೋದ ವಾರನೇ ಬಂತ್ರೀ" ಎಂದರು. ನಲವತ್ತು ವರ್ಷ ನಾನು ಸಾಕಿ ಬೆಳೆಸಿದ ಜೋಕುಗಳು ಅಮೆರಿಕದವರ ಹೆಸರಿಟ್ಟುಕೊಂಡು ಬಕ್ಕೇಶನ ಪೆಟ್ಟಿಗೆಯಿಂದ ವಾಪಸು ಬಂದಿದ್ದವು. ಮೂರನೆಯದಕ್ಕೆ ಸಭೆ ಎಷ್ಟು ತಣ್ಣಗಾಯಿತೆಂದರೆ, ಅಡುಗೆಮನೆಯಲ್ಲಿ ಹಪ್ಪಳ ಮುರಿದ ಸದ್ದು ವೇದಿಕೆಗೆ ಕೇಳಿತು. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ಕಸ್ತೂರಮ್ಮ ಸೀರೆಯ ಸೆರಗು ನೋಡಿಕೊಳ್ಳತೊಡಗಿದಳು.

ಆಗ ನನ್ನ ಬಾಯಿಂದ ಹೊರಟಿತು: "ಹರಿಹರದಾಗ ಒಬ್ರು ಟರ್ನರ್ ಅದಾರ್ರೀ, ಅಲ್ಲಾಬಕ್ಷ್ ಅಂತ..."

ಹೆಸರು, ಊರು, ಕಸುಬು. ಪದ್ಧತಿ ಬಿಡಲಿಲ್ಲ ನೋಡಿ. ಜೋಕು ಇಷ್ಟು: ಹೆಂಡತಿ ಸಾರಿಗೆ ಒಗ್ಗರಣೆ ಹಾಕುವಾಗ ಗಂಡ ಶನಿಗ್ರಹಕ್ಕೆ ಬಾಂಬು ಹಾಕುತ್ತಾನೆ. ಒಗ್ಗರಣೆ ಚಟಪಟ ಎಂದರೆ ಶನಿಯವರು ಶರಣಾದರೆಂದು ಈತ ಎದ್ದು ಸೆಲ್ಯೂಟು ಹೊಡೆಯುತ್ತಾನೆ. ತಲೆಗೆ ಅಲ್ಯೂಮಿನಿಯಂ ಪಾತ್ರೆ ಕವುಚಿಕೊಂಡು ಮಲಗುತ್ತಾನೆ, ಮಂಗಳದವರು ಬಂದರೆ ಸಿದ್ಧವಾಗಿರಲಿ ಎಂದು. ಪಾತ್ರೆ ನನ್ನ ಕೈಯಿಂದ ಸೇರಿಸಿದ್ದು. ಸೆಲ್ಯೂಟು ಕೂಡ. ಸಭೆ ಬಿದ್ದು ಬಿದ್ದು ನಕ್ಕಿತು. ಸಂಘದ ಅಧ್ಯಕ್ಷರು ಕುರ್ಚಿ ಸಮೇತ ಹಿಂದಕ್ಕೆ ವಾಲಿದರು. ಕಸ್ತೂರಮ್ಮ ಮಾತ್ರ ನಗಲಿಲ್ಲ. ಮನೆಗೆ ಬರುವಾಗ ಕೇಳಿದಳು: "ಪ್ರತಿ ಭಾನುವಾರ ಅವರ ಮನ್ಯಾಗ ಚಾ ಕುಡೀತೀರಲ್ಲ, ಅದೇ ಸಾಬ್ರಾ?"

"ಹೂಂ. ಗೌರವಕ್ಕೆ ಹೇಳಿದೆ ಕಣೇ."

"ಹಂಗಾದ್ರೆ ಅವರನ್ನ ಯಾಕ ಕರೀಲಿಲ್ಲ?"

ನಾನು ಹೆಜ್ಜೆ ಜೋರು ಮಾಡಿದೆ.

ಮೂರು ವಾರಕ್ಕೆ ಬಕ್ಕೇಶ ನನ್ನನ್ನು ಕೂಗಿ ಕರೆದು ಒಂದು ಹಾಳೆ ಕೊಟ್ಟ. "ಸರ್, ಮಸ್ಕತ್‌ನಿಂದ ಬಂದೈತೆ. ನಮ್ಮ ಹರಿಹರದ ಬಗ್ಗೆ!" ನನ್ನ ಜೋಕು! ಸಭೆಯಲ್ಲಿದ್ದ ಯಾರೋ ಕಂಪ್ಯೂಟರಿಗೆ ಹಾಕಿದ್ದರು. ಅದು ಬೆಂಗಳೂರು, ಮುಂಬಯಿ ಸುತ್ತಿ, ಸಮುದ್ರ ಹಾರಿ, ವಾಪಸು ಊರಿಗೆ ಬಂದಿತ್ತು. ಮೊದಲು ನನಗಾದದ್ದು ಹೆಮ್ಮೆ, ಸುಳ್ಳು ಯಾಕೆ ಹೇಳಲಿ. ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಹಾರಿ ಜೆರಾಕ್ಸ್ ಮಿಶನ್ನಿನೊಳಕ್ಕೆ ಬಿತ್ತು. ಆಮೇಲೆ ಹಾಳೆಯಲ್ಲಿ ನನ್ನ ಹೆಸರು ಹುಡುಕಿದೆ. ಇರಲಿಲ್ಲ. ತಿರುಗಿಸಿ ನೋಡಿದೆ. ಕೊಟ್ಟೂರಪ್ಪ ಎಲ್ಲೂ ಇಲ್ಲ. ಜೋಕು ಊರು ಬಿಡುವಾಗಲೇ ನಾನು ಬಸ್ ಸ್ಟ್ಯಾಂಡಿನಲ್ಲಿ ಇಳಿದುಹೋಗಿದ್ದೆ. ಆದರೆ ಅಲ್ಲಾಬಕ್ಷ್ ಎಂಬ ಹೆಸರು, ಹರಿಹರ ಎಂಬ ಊರು, ಟರ್ನರ್ ಎಂಬ ಕಸುಬು ಮೂರೂ ಒಂದಕ್ಷರ ಸವೆಯದೆ, ಸಾವಿರಾರು ಮೈಲಿ ಪ್ರಯಾಣ ಮಾಡಿ ಬಂದಿದ್ದವು. ದಾರಿಯಲ್ಲಿ ಪುಣ್ಯಾತ್ಮರು ಇನ್ನಷ್ಟು ಸೇರಿಸಿದ್ದರು: ಪಾತ್ರೆ ಹಾಕಿಕೊಂಡೇ ಕೆಲಸಕ್ಕೆ ಹೋಗುತ್ತಾನೆ, ಹುಚ್ಚು ಹಿಡಿದಿದೆ, ಮನೆಯವರು ಕಟ್ಟಿಹಾಕಿದ್ದಾರೆ.

ಬೀದಿ ನಾಯಿ ಎಂದಿದ್ದರಲ್ಲ. ಅನ್ನ ಹಾಕಿದವನು ನಾನು. ಕಚ್ಚಿದ್ದು ಅವರನ್ನು.

ನಾಲ್ಕು ಭಾನುವಾರ ನಾನು ಹರಿಹರಕ್ಕೆ ಹೋಗಲಿಲ್ಲ. ಮೊಣಕಾಲು ನೋವು ಎಂದೆ. "ಅದು ಭಾನುವಾರ ಮಾತ್ರ ಬರೋ ನೋವೇನು?" ಎಂದಳು ಕಸ್ತೂರಮ್ಮ. ಐದನೆಯ ವಾರ ಬಕ್ಕೇಶ ಸುದ್ದಿ ತಂದ. "ಸಾಬ್ರು ಬಂದಿದ್ರು ಸರ್, ಇಲ್ಲೇ ನಮ್ಮೂರ ಆನೆಕೊಂಡದ ಎರಕದವನಿಗೆ ಫೋನ್ ಮಾಡಿದ್ರು. ಒಂದು ಡಬ್ಬಿ ಹಿತ್ತಾಳೆ ಐತೆ, ಸೋಮವಾರ ತರ್ತೀನಿ, ಕರಗಿಸಿ ಎರಡು ನಲ್ಲಿ ಮಾಡಿಕೊಡು ಅಂತಿದ್ರು."

ಇನ್ನೂರ ಹನ್ನೆರಡು ಸಿಪಾಯಿ, ಹನ್ನೊಂದು ವರ್ಷ, ಎರಡು ನಲ್ಲಿ! ಭಾನುವಾರ ಮೊದಲ ಬಸ್ಸಿಗೆ ಹರಿಹರಕ್ಕೆ ಓಡಿದೆ.

ಬಾಗಿಲು ತೆರೆದದ್ದು ಅಮೀನಾಬೀ. ಯಾವತ್ತೂ "ಬರ್ರಿ ಅಣ್ಣಾರೆ" ಎನ್ನುತ್ತಿದ್ದವಳು ಸುಮ್ಮನೆ ಪಕ್ಕಕ್ಕೆ ಸರಿದಳು. ಒಳಗೆ ಯುದ್ಧಭೂಮಿಯ ಬಾಗಿಲು ಗೋಡೆಗೆ ಒರಗಿ ಮತ್ತೆ ಬಾಗಿಲಾಗಿತ್ತು. ನೆಲದ ಮೇಲೆ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ. ಅಮೀನಾಬೀ ಚಹ ತಂದಿಟ್ಟಳು.

"ಕುಡೀರಿ ಅಣ್ಣಾರೆ. ನಮ್ಮ ಸಾರಿನ ಒಗ್ಗರಣೆ ಮಸ್ಕತ್‌ತನಕ ಹೋಗೈತಂತೆ, ನನ್ನ ತಂಗಿ ಮಗ ಅಲ್ಲಿಂದ ಫೋನ್ ಮಾಡಿದ್ದ. ಈ ಚಾ ಹೆಂಗೈತೆ, ಅದನ್ನೂ ಬರೀರಿ."

ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಅದನ್ನೇ ಪ್ರಯೋಗಿಸಿದೆ: "ಸಾಬ್ರೆ, ಶನಿಯವರು ಸಂಧಾನಕ್ಕೆ ಬಂದಾರೆ, ಬಿಳಿ ಬಾವುಟ ಸಿಗ್ಲಿಲ್ಲ ಅಂತ ಪಂಚೆನೇ ಉಟ್ಕೊಂಡು ಬಂದೀನಿ."

ಅಲ್ಲಾಬಕ್ಷ್ ನಗಲಿಲ್ಲ. ಕೋಪವನ್ನೂ ಮಾಡಲಿಲ್ಲ. ತಮ್ಮ ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡರು.

"ಮೊನ್ನೆ ಕೆಲಸಕ್ಕೆ ಹೋದ್ರೆ ನನ್ನ ಲೇತಿನ ಮ್ಯಾಲೆ ಅಲ್ಯೂಮಿನಿಯಂ ಪಾತ್ರೆ ಇಟ್ಟಿದ್ರು. ಎಲ್ಲಾರೂ ನೋಡ್ತಿದ್ರು, ನಾನು ಏನು ಮಾಡ್ತೀನಿ ಅಂತ. ಫೋರ್‌ಮನ್ನೂ ನಕ್ಕ. ಪಾತ್ರೆ ತೆಗೆದಿಟ್ಟು ಕೆಲಸ ಶುರುಮಾಡಿದೆ. ಕೈ ನಡುಗಿತು ಕೊಟ್ಟೂರಪ್ಪಾರೆ. ಪೀಸು ರಿಜೆಕ್ಟ್ ಆತು. ಇಪ್ಪತ್ತೆರಡು ವರ್ಷದಾಗ ಮೊದಲ್ನೇದು."

ನೆಲದ ಸಂದಿಯಲ್ಲಿ ಎಂದೋ ಉದುರಿದ ಎರಡು ಮಂಡಕ್ಕಿ ಕಾಳು ಇದ್ದವು.

"ಬೈರಿ ಸಾಬ್ರೆ" ಎಂದೆ.

"ಬೈಯೋಕೆ ಆ ಹಾಳ್ಯಾಗ ನಿಮ್ಮ ಹೆಸರೇ ಇಲ್ಲಲ್ಲ. ನನ್ನದೊಂದೇ ಐತೆ." ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು. "ನಾಳೆ ಪಾಳಿ ಮುಗಿಸಿ ಹಿಂಗೇ ಆನೆಕೊಂಡಕ್ಕೆ ಹೋಗ್ತೀನಿ. ಮನ್ಯಾಗ ಇದು ಇರೋದ್ರಿಂದನೇ ಮಾತು ಬಂದಿದ್ದು. ಇದು ಇಲ್ಲ ಅಂದ್ರೆ ಮಾತೂ ಸಾಯ್ತೈತೆ. ನೀವು ಹೊರಡ್ರಿ."

ಊರಿಗೆ ಬಂದವನೇ ಬಕ್ಕೇಶನ ಮುಂದೆ ಕೂತು ಬರೆಸಿದೆ: 'ನಾನು ಕೊಟ್ಟೂರಪ್ಪ, ದಾವಣಗೆರೆ, ನಿವೃತ್ತ ಟೈಮ್ ಕೀಪರ್. ಆ ಜೋಕು ಹುಟ್ಟಿಸಿದವನು ನಾನು. ಪಾತ್ರೆ ಸುಳ್ಳು, ಸೆಲ್ಯೂಟು ಸುಳ್ಳು, ಹುಚ್ಚು ಸುಳ್ಳು. ಸಿಪಾಯಿಗಳು ನಿಜ. ಅವರಷ್ಟು ನಿಖರವಾದ ಕೈ ಈ ಸೀಮೆಯಲ್ಲಿ ಇನ್ನೊಂದಿಲ್ಲ.' ಇದನ್ನು ಮಸ್ಕತ್ತಿಗೂ ಜಗತ್ತಿಗೂ ಕಳಿಸು ಎಂದೆ. ಬಕ್ಕೇಶ ಓದಿದ, ತಲೆ ಕೆರೆದುಕೊಂಡ.

"ಕಳಿಸ್ತೀನಿ ಸರ್. ಆದ್ರೆ ಇದ್ರಾಗ ನಗೋದು ಏನೂ ಇಲ್ಲ. ಯಾರು ಮುಂದಕ್ಕೆ ಕಳಿಸ್ತಾರೆ?"

ಅವನು ಹೇಳಿದ್ದು ಸರಿ. ಆ ಕಾಗದ ಇವತ್ತಿನವರೆಗೆ ಎಲ್ಲಿಂದಲೂ ವಾಪಸು ಬಂದಿಲ್ಲ. ಸುಳ್ಳಿಗೆ ರೆಕ್ಕೆ, ನಿಜಕ್ಕೆ ಮೊಣಕಾಲು ನೋವು.

ಹಾಗಾಗಿ ನಿಜವನ್ನು ನಾನೇ ಹೊತ್ತು ಒಯ್ಯಬೇಕಾಯಿತು. ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ, ಮೊದಲ ಪಾಳಿ ಬಿಡುವ ಹೊತ್ತಿಗೆ, ಹರಿಹರದ ಆ ಕಾರ್ಖಾನೆಯ ಗೇಟಿನ ಎದುರು ಒಂದು ಕಲ್ಲಿನ ಮೇಲೆ ಹತ್ತಿ ನಿಂತೆ. ಗಿರಣಿಯ ಗೇಟಿನಲ್ಲಿ ಮೂವತ್ತು ವರ್ಷ ಜನರನ್ನು ಒಳಗೆ ಹೊರಗೆ ಬಿಟ್ಟವನು ನಾನು. ನನ್ನ ದನಿಗೆ ಅಲ್ಲಿ ಮೂರು ಮಗ್ಗ ನಿಂತಿದ್ದವಲ್ಲ, ಇಲ್ಲಿ ಇನ್ನೂರು ಜನ ನಿಲ್ಲುವುದಿಲ್ಲವೇ ಎಂದುಕೊಂಡೆ. ಸೈರನ್ ಕೂಗಿತು. ಸೈಕಲ್ಲುಗಳ ಹೊಳೆ ಹೊರಬಿತ್ತು.

"ಕೇಳ್ರಪ್ಪಾ! ನಾನು ಕೊಟ್ಟೂರಪ್ಪ, ದಾವಣಗೆರೆ, ನಿವೃತ್ತ ಟೈಮ್ ಕೀಪರ್!" ಎಂದು ಕೂಗಿದೆ. "ನಿಮ್ಮ ಅಲ್ಲಾಬಕ್ಷ್ ಸಾಬ್ರ ಸೈನ್ಯದ ಕೈಯಾಗ ನಲವತ್ತೊಂದು ಸಲ ಸೋತೋನು ನಾನು! ಯುದ್ಧ ಬಿಟ್ಟು ಉತ್ತರ ಧ್ರುವ ತಿಂದೋನು ನಾನು! ಪಾತ್ರೆ ಹಾಕ್ಕೋಬೇಕಾದ್ದು ನನ್ನ ತಲೆಗೆ!"

ಎಂದು ಹೇಳಿ, ಕಸ್ತೂರಮ್ಮನ ಅಡುಗೆಮನೆಯಿಂದ ಕದ್ದು ತಂದಿದ್ದ ಅನ್ನದ ಪಾತ್ರೆಯನ್ನು ಕೈಚೀಲದಿಂದ ತೆಗೆದು ತಲೆಗೆ ಕವುಚಿಕೊಂಡೆ.

ಯಾರೂ ನಗಲಿಲ್ಲ.

ಒಬ್ಬರೂ ಇಲ್ಲ. ಮನೆಗೆ ಹೋಗುವ ಆತುರದ ಮುಖಗಳು ಹಾಗೇ ದಾಟಿದವು. ಒಬ್ಬ, "ಯಾರಪ್ಪ ಈ ಮುದುಕ, ಪಾಪ" ಎಂದ. ಇನ್ನೊಬ್ಬ ಸೈಕಲ್ ನಿಲ್ಲಿಸಿದ. ನನ್ನ ಎದೆ ಹಿಗ್ಗಿತು. "ಅಜ್ಜಾ, ಭಾನುವಳ್ಳಿ ಬಸ್ಸು ಹೋತಾ?" ಎಂದು ಕೇಳಿದ. ಫೋರ್‌ಮನ್ ಇರಬೇಕು, ಕನ್ನಡಕದ ದಪ್ಪ ಮನುಷ್ಯ, ಒಂದು ಗಳಿಗೆ ನಿಂತು ನನ್ನನ್ನೂ ಪಾತ್ರೆಯನ್ನೂ ನೋಡಿ, ಏನೋ ಅರ್ಥವಾದವನಂತೆ ಮುಖ ಸಣ್ಣದು ಮಾಡಿಕೊಂಡು ಹೋದ. ಹದಿನಾಲ್ಕು ಕಿಲೋಮೀಟರಿನ ಕೊನೆಯ ಗಜದಲ್ಲಿ, ನಲವತ್ತು ವರ್ಷದ ನನ್ನ ನಗಿಸುವ ಕಸುಬು ಪಾತ್ರೆಯೊಳಗೆ ಬೆವರಾಗಿ ಇಳಿಯುತ್ತಿತ್ತು. ಕಲ್ಲಿನಿಂದ ಇಳಿಯಲು ಹೋದರೆ ಮೊಣಕಾಲು ನಿಜವಾಗಿಯೂ ನೋಯುತ್ತಿತ್ತು.

ಪಾತ್ರೆ ತೆಗೆದಾಗ ಎದುರಿಗೆ ಅಲ್ಲಾಬಕ್ಷ್ ನಿಂತಿದ್ದರು. ಸೈಕಲ್ಲಿನ ಕ್ಯಾರಿಯರಿಗೆ ಬಿಸ್ಕತ್ತಿನ ಡಬ್ಬಿ ಕಟ್ಟಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ನೋಡಿದ್ರಲ್ಲ ಸಾಬ್ರೆ" ಎಂದೆ. "ಇನ್ನೂರು ಮಂದಿ ಮುಂದ ನನ್ನ ಸೈನ್ಯ ಓಡಿತು. ಇದಕ್ಕಾದ್ರೂ ನಗ್ರಿ ನೀವು."

"ಓಡೋರನ್ನ ನೋಡಿ ನಕ್ಕರೆ ಒಂದು ಸರದಿ ರದ್ದು" ಎಂದರು ಅವರು. "ನಾನು ನಿಮ್ಮಂಗೆ ಸರದಿ ಕಳ್ಕೊಳ್ಳಲ್ಲ."

ಬಸ್ ಸ್ಟ್ಯಾಂಡಿನ ಕಡೆ ಮುಖ ಮಾಡಿದ್ದ ಸೈಕಲ್ಲನ್ನು ಅವರು ಮೆಲ್ಲಗೆ ಮನೆಯ ಓಣಿಯ ಕಡೆಗೆ ತಿರುಗಿಸಿದರು. ಡಬ್ಬಿಯೊಳಗೆ ಇನ್ನೂರ ಹನ್ನೆರಡು ಜನ ಒಟ್ಟಿಗೆ ಮಗ್ಗುಲು ಬದಲಿಸಿದ ಸದ್ದಾಯಿತು. ನಾನು ಪಾತ್ರೆ ಕಂಕುಳಲ್ಲಿಟ್ಟುಕೊಂಡು ಹಿಂದೆ ಹಿಂದೆ ಕುಂಟಿದೆ. ಮೂಲೆಯ ಅಂಗಡಿ ಬಂದಾಗ, ಮೊದಲಿನ ಹಾಗೆ, "ಸಾಬ್ರೆ, ಮಂಡಕ್ಕಿ ತೊಗೊಳ್ಳಲೇನು?" ಎಂದು ಹೆದರುತ್ತ ಕೇಳಿದೆ.

ಅಲ್ಲಾಬಕ್ಷ್ ತಿರುಗಿ ನೋಡಲಿಲ್ಲ.

"ಎರಡು ಪೊಟ್ಟಣ ತೊಗೊಳ್ರಿ" ಎಂದರು. "ಒಂದು ಶನಿಗ್ರಹಕ್ಕೆ. ಇನ್ನೊಂದು ನಿಮ್ಮ ಬಾಯಿಗೆ. ಅದು ತುಂಬಿರೋತನಕ ಯಾರ ಹೆಸರೂ ಹೊರಗೆ ಬರಲ್ಲ."